ಕಾಡುಮರ ಉಳಿಸಿಕೊಂಡ ಬೆಳೆಗಾರನಿಗೆ ಹಣ ಕೊಡಬೇಕೇ?

ಕೊಡಗಿನ ಖಾಸಗಿ ತೋಟ, ಬಾಣೆ (ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಮೀನು) ಮತ್ತು ಗದ್ದೆಗಳಲ್ಲಿ ಸ್ಥಳೀಯ ಮರಗಳನ್ನೂ ಜೌಗು ನೆಲವನ್ನೂ ಉಳಿಸಿಕೊಳ್ಳುವ, ಕಳೆದುಹೋದಲ್ಲಿ ಮತ್ತೆ ಬೆಳೆಸುವ ರೈತರಿಗೆ ಸಾರ್ವಜನಿಕ ಹಣದಿಂದ ವಾರ್ಷಿಕ ಸಂಭಾವನೆ ಕೊಡಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಲಾಭ ಎಲ್ಲರದು, ಖರ್ಚು ಒಬ್ಬನದೇ ಆಗಬಾರದು

ಹಲಸು, ಅತ್ತಿ, ಬಸರಿ, ಮತ್ತಿ, ಹೊನ್ನೆ, ನಂದಿ ಬೆರೆತು ನೆರಳು ಕೊಡುತ್ತಿದ್ದ ಕಾಫಿ ತೋಟಗಳಲ್ಲಿ ಇಂದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಸಾಲುಸಾಲಾಗಿ ಎದ್ದು ನಿಂತಿದೆ. ಇದಕ್ಕೆ ಬೆಳೆಗಾರರ ದುರಾಸೆಯೇ ಕಾರಣವೆನ್ನುವುದು ಅನ್ಯಾಯ. ಸಿಲ್ವರ್ ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ಕಾಡುಮರಗಳನ್ನು ಉಳಿಸಿಕೊಂಡವನು ಮಾತ್ರ ಮಳೆಗಾಲಕ್ಕೆ ಮುಂಚೆ ಮರಗಸಿಗೆ, ಅಂದರೆ ನೆರಳಿನ ಕೊಂಬೆ ಸವರುವ ಕೆಲಸಕ್ಕೆ, ನುರಿತ ಆಳುಗಳನ್ನು ಹುಡುಕಿ ಕೂಲಿ ಕೊಡಬೇಕು, ಹಲಸಿನ ವಾಸನೆ ಹಿಡಿದು ತೋಟಕ್ಕೆ ನುಗ್ಗುವ ಆನೆಗಳಿಂದ ಮುರಿದ ಗಿಡಗಳ ನಷ್ಟವನ್ನೂ ಸರ್ಕಾರದ ಪರಿಹಾರ ಬರುವವರೆಗೆ ತಾನೇ ಭರಿಸಬೇಕು. ಆನೆ ಬಾರದಿರಲೆಂದು ಹಲಸನ್ನು ಎಳೆಗಾಯಿಯಲ್ಲೇ ಕಿತ್ತುಹಾಕುವವರು, ಮರವನ್ನೇ ಉರುಳಿಸುವವರು ಇರುವುದು ಈ ಲೆಕ್ಕಾಚಾರದಿಂದಲೇ.

ಆದರೆ ಆ ಮರಗಳ ಪ್ರಯೋಜನ ತೋಟದ ಬೇಲಿಯೊಳಗೆ ನಿಲ್ಲುವುದಿಲ್ಲ. ತಲಕಾವೇರಿಯಿಂದ ಇಳಿಯುವ ಕಾವೇರಿ, ಅದಕ್ಕೆ ಕೂಡಿಗೆಯಲ್ಲಿ ಸೇರುವ ಹಾರಂಗಿ, ಬ್ರಹ್ಮಗಿರಿಯ ಕಡೆಯಿಂದ ಹರಿಯುವ ಲಕ್ಷ್ಮಣತೀರ್ಥ, ಇವೆಲ್ಲ ಕೃಷ್ಣರಾಜಸಾಗರವನ್ನು ತುಂಬುತ್ತವೆ. ಮಂಡ್ಯದ ಗದ್ದೆಗಳಿಗೂ, ತೊರೆಕಾಡನಹಳ್ಳಿಯಿಂದ ಪಂಪಾಗಿ ಹೋಗುವ ಬೆಂಗಳೂರಿನ ನಲ್ಲಿಗಳಿಗೂ ಇದೇ ನೀರು. ಅಷ್ಟೇ ಅಲ್ಲ, ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹ ಚಿತ್ರಗಳಿಂದ ಅರಣ್ಯ ಹೊದಿಕೆಯನ್ನು ಅಳೆಯುವಾಗ ನೆಲ ಯಾರದು, ಮರ ಯಾವುದು ಎಂದು ನೋಡುವುದಿಲ್ಲವಾದ್ದರಿಂದ ನೆರಳಿನ ಕಾಫಿ ತೋಟಗಳೂ ಆ ಲೆಕ್ಕದೊಳಗೆ ಬರುತ್ತವೆ. ಹದಿನೈದನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ ಅರಣ್ಯ ಮತ್ತು ಪರಿಸರಕ್ಕೆ ಶೇ 10ರಷ್ಟು ತೂಕ ಕೊಟ್ಟಿತು. ಕಾಡು ಉಳಿಸಿದ ರಾಜ್ಯಕ್ಕೆ ದೆಹಲಿ ಹಣ ಕೊಡುವುದು ಸರಿಯೆಂದಾದರೆ, ಅದೇ ತರ್ಕ ವಿಧಾನಸೌಧದಲ್ಲಿ ನಿಂತುಹೋಗದೆ ವಿರಾಜಪೇಟೆಯ ಬೆಳೆಗಾರನವರೆಗೂ ಇಳಿದು ಬರಬೇಕು.

ಗದ್ದೆಗಳ ಸ್ಥಿತಿ ಇನ್ನೂ ಕಳವಳಕಾರಿ. ಆಳಿನ ಕೊರತೆಯಿಂದಲೂ ಕಾಡುಪ್ರಾಣಿಗಳ ಕಾಟದಿಂದಲೂ ಪಾಳುಬಿದ್ದ ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡಿದರೆ, ಮಳೆನೀರು ನಿಂತು ಇಂಗುತ್ತಿದ್ದ, ಕಪ್ಪೆ, ಏಡಿ, ಕೊಕ್ಕರೆಗಳು ಬದುಕುತ್ತಿದ್ದ ನೆಲ ಶಾಶ್ವತವಾಗಿ ಹೋಗುತ್ತದೆ. ಪಕ್ಕದ ಕೇರಳ 2008ರಲ್ಲೇ ಗದ್ದೆ ಮತ್ತು ಜೌಗು ಸಂರಕ್ಷಣೆಗೆ ಕಾನೂನು ಮಾಡಿ, 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಪ್ರಕಟಿಸಿತು. ಮೊತ್ತ ಚಿಕ್ಕದು, ನಿಜ. ಆದರೂ ಗದ್ದೆಯ ಕೆಲಸ ಭತ್ತಕ್ಕಷ್ಟೇ ಸೀಮಿತವಲ್ಲವೆಂದು ಒಂದು ಸರ್ಕಾರ ಒಪ್ಪಿಕೊಂಡಂತಾಯಿತು. ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿಯೂ ದೇವರಕಾಡುಗಳನ್ನು ಕಾಯುವವರಿಗೆ, ಕಡಿದಾದ ಇಳಿಜಾರಿನಲ್ಲಿ ಸಹಜ ಸಸ್ಯವರ್ಗವನ್ನು ಉಳಿಸುವವರಿಗೆ ಸಂರಕ್ಷಣಾ ಸೇವಾ ಶುಲ್ಕ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದೇ ವರದಿ ಸೂಚಿಸಿದ ಪರಿಸರ ಸೂಕ್ಷ್ಮ ವಲಯದ ಗಲಾಟೆಯಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ನಿರ್ಬಂಧಗಳ ಭಯ ಮಾತ್ರ ಮನೆಮನೆಗೆ ತಲುಪಿತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆಯ ಬೆಟ್ಟಗಳು ಕುಸಿದದ್ದನ್ನು ಕಂಡ ಮೇಲೂ ಇಳಿಜಾರಿನ ಕಾಡನ್ನು ಮುಟ್ಟದೆ ಬಿಟ್ಟವನಿಗೆ ಕೊಡುವ ಹಣವನ್ನು ದಂಡದ ಖರ್ಚು ಎನ್ನಲಾದೀತೇ?

ವಿರೋಧ: ಹಣಕ್ಕೆ ಮೊದಲು ಹಕ್ಕು ಇತ್ಯರ್ಥವಾಗಲಿ

ಉಳಿಸಿದವನಿಗೆ ಕೊಡಿ ಎನ್ನುತ್ತಾರೆ. ಯಾರಿಗೆ? ಕೊಡಗಿನಲ್ಲಿ ಈ ಪ್ರಶ್ನೆಗೆ ಉತ್ತರ ಪಹಣಿಯಲ್ಲಿ ಸಿಗುವುದಿಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಗಳ ದಾಖಲೆಯಲ್ಲಿ ಎಷ್ಟೋ ಕಡೆ ತೀರಿಹೋದ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರೇ ಇದ್ದು, ಒಕ್ಕದ, ಅಂದರೆ ಕುಲದ ಹತ್ತಾರು ಮಂದಿ ತಮ್ಮೊಳಗಿನ ತಿಳುವಳಿಕೆಯ ಮೇಲೆ ಭಾಗಗಳನ್ನು ಅನುಭವಿಸುತ್ತಿದ್ದಾರೆ. 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾದ ಮೇಲೂ ಗೊಂದಲ ಮುಗಿದಿಲ್ಲ. ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಬಾಣೆಯಲ್ಲಿ ನೆಲ ಅನುಭವಿಸುವವನು ರೈತನಾದರೂ ಮರದ ಮೇಲೆ ಹಕ್ಕು ಸರ್ಕಾರದ್ದು. ತನ್ನದೆಂದು ತಾನೇ ಹೇಳಿಕೊಳ್ಳುವ ಮರವನ್ನು ಕಾಯಲು ಸರ್ಕಾರ ಇನ್ನೊಬ್ಬನಿಗೆ ಸಂಭಾವನೆ ಕೊಡುವುದಾದರೆ, ಹಣ ದಾಖಲೆ ಸರಿಯಿರುವ ದೊಡ್ಡ ಎಸ್ಟೇಟುಗಳಿಗೆ ಮೊದಲು ಹೋಗುತ್ತದೆ. ಎರಡು ಮೂರು ಎಕರೆಯ ಚಿಕ್ಕ ಬೆಳೆಗಾರ ತಾಲೂಕು ಕಚೇರಿಯ ಮುಂದೆ ನಿಲ್ಲುತ್ತಾನೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿದ್ದುಕೊಂಡು ಇದೇ ಮರಗಳನ್ನು ಹತ್ತಿ ಗಸಿ ಮಾಡುವ, ಮುಂಜಾವಿನಲ್ಲಿ ಆನೆಗೆ ಎದುರಾಗುವ ಯರವ, ಕುರುಬ ಕುಟುಂಬಗಳ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಈ ಯೋಜನೆಯ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದೇ.

ಎರಡನೆಯದು ಬೆಲೆಯ ಮಾತು. 2024ರಲ್ಲಿ ರೋಬಸ್ಟಾ ಧಾರಣೆ ದಾಖಲೆ ಮಟ್ಟಕ್ಕೆ ಏರಿದಾಗ ನೆರಳು ಕಡಿಮೆ ಮಾಡಿ, ನೀರು ಹಾಯಿಸಿ ಇಳುವರಿ ಹೆಚ್ಚಿಸುವ ಆಸೆಯೂ ಏರಿತು. ಅದಕ್ಕೆ ಸಮನಾಗಿ ಹಣ ಕೊಡಲು ಯಾವ ಖಜಾನೆಗೆ ಸಾಧ್ಯ? ಅಮೆರಿಕದಲ್ಲಿ 1985ರಿಂದ ನಡೆದುಬಂದಿರುವ ಸಂರಕ್ಷಣಾ ಮೀಸಲು ಯೋಜನೆಯಲ್ಲಿ ರೈತರು ಹತ್ತರಿಂದ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಹೊಲವನ್ನು ಹುಲ್ಲಿಗೂ ಮರಕ್ಕೂ ಬಿಡುತ್ತಾರೆ. 2007ರಲ್ಲಿ 3.6 ಕೋಟಿ ಎಕರೆ ದಾಟಿದ್ದ ಆ ನೆಲ ಹತ್ತು ವರ್ಷಗಳೊಳಗೆ ಸುಮಾರು 2.4 ಕೋಟಿ ಎಕರೆಗೆ ಇಳಿಯಿತು. ಅಲ್ಲಿನ ಸಂಸತ್ತು ಯೋಜನೆಯ ಎಕರೆ ಮಿತಿಯನ್ನು ಇಳಿಸಿದ್ದೂ ಕಾರಣವೇ, ಆದರೆ ಧಾನ್ಯದ ಬೆಲೆ ಏರಿದಾಗ ಒಪ್ಪಂದ ಮುಗಿದ ರೈತರು ನೇಗಿಲಿಗೆ ಮರಳಿದ್ದೂ ಅಷ್ಟೇ ದೊಡ್ಡ ಕಾರಣ. ಪ್ರತಿಯೊಬ್ಬರೂ ಉದಾಹರಿಸುವ ಕೋಸ್ಟಾರಿಕಾದಲ್ಲಿ 1996ರ ಅರಣ್ಯ ಕಾನೂನು ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿದ ಭೂಮಾಲೀಕರಿಗೆ ಕೊಡಲು ಮೀಸಲಿಟ್ಟಿತು ಎಂಬುದು ನಿಜ. ಅದೇ ಕಾನೂನು ಕಾಡನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿಷೇಧಿಸಿತ್ತಾದ್ದರಿಂದ, ಕಾಡನ್ನು ಹಣವೇ ಉಳಿಸಿತೆಂದು ಹೇಳಲಾಗದು.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒತ್ತುವರಿಯಿಂದ ಬಹಳಷ್ಟು ಕುಗ್ಗಿದ್ದರೂ ಅವು ಇಂದಿಗೂ ನಿಂತಿರುವುದು ಊರಿನ ಹಬ್ಬ, ಕಟ್ಟುಪಾಡುಗಳಿಂದ; ಅಲ್ಲಿಗೂ ವಾರ್ಷಿಕ ಸಂಭಾವನೆ ಬರತೊಡಗಿದರೆ, ಮುಂದೊಂದು ದಿನ ಹಣ ನಿಂತಾಗ ಕಾಯುವುದೂ ನಿಲ್ಲಬಹುದೆಂಬ ಆತಂಕ ನನ್ನದು.

ಕಾಡುಮರ ಕಡಿಮೆಯಾಗುತ್ತಿರುವುದಕ್ಕೆ ಪರ ವಾದವೇ ಕೊಟ್ಟ ಕಾರಣ ಸರಿಯಾಗಿದೆ: ಸಿಲ್ವರ್ ನೆಟ್ಟವನು ಅದನ್ನು ಮಾರಬಲ್ಲ, ಹೊನ್ನೆಯನ್ನೋ ಬೀಟೆಯನ್ನೋ ನೆಟ್ಟವನ ಮಕ್ಕಳು ಅನುಮತಿಗಾಗಿ ಅಲೆಯಬೇಕು. ಹಾಗಿದ್ದಲ್ಲಿ ಮದ್ದು ಅಲ್ಲಿಂದಲೇ ಶುರುವಾಗಲಿ. ಇಂದಿನಿಂದ ನೆಡುವ ಪ್ರತಿ ಸ್ಥಳೀಯ ಮರವನ್ನೂ ನೆಟ್ಟವನ ಹೆಸರಿನಲ್ಲಿ ದಾಖಲಿಸಿ, ಅದರ ಮೇಲಿನ ಪೂರ್ಣ ಹಕ್ಕನ್ನು ಬಾಣೆಯ ಸ್ವರೂಪ ಯಾವುದೇ ಇರಲಿ ಅವನಿಗೇ ಬಿಡಬೇಕು; ಈಗಾಗಲೇ ನಿಂತಿರುವ ಹಳೆಯ ಮರಗಳಿಗೆ ಇಂದಿನ ನಿಯಮವೇ ಮುಂದುವರಿಯಬಹುದು. ಆನೆ ತುಳಿದ ಗಿಡಗಳ ಪರಿಹಾರ ಅದೇ ಹಂಗಾಮಿನಲ್ಲಿ ಕೈಸೇರಬೇಕು. ಇವೆರಡಕ್ಕೂ ಹೊಸ ತೆರಿಗೆ ಬೇಕಿಲ್ಲ, ಬೆಂಗಳೂರಿನವರ ನೀರಿನ ಬಿಲ್ಲಿಗೆ ಹೊಸ ಶುಲ್ಕ ಸೇರಿಸಬೇಕಿಲ್ಲ. ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಂದೇ ಕಡತದ ಮೇಲೆ ಕೂತು ತೀರ್ಮಾನಿಸಿದರೆ ಮುಂದಿನ ಮಳೆಗಾಲದ ನಾಟಿಗೇ ಜಾರಿಗೆ ತರಬಹುದು.