ಸುಣ್ಣದ ಗೆರೆಯ ಮನೆ

ತುಮಕೂರಿನ ಶೆಟ್ಟಿಹಳ್ಳಿಯ ಕಡೆ ನಾವು ಕೊಂಡ ನಿವೇಶನ ಮೂವತ್ತಕ್ಕೆ ನಲವತ್ತು ಎಂದು ಕ್ರಯಪತ್ರ ಹೇಳುತ್ತದೆ. ನಾನು ಅಳೆದಾಗ ಮಾತ್ರ ಮುಂಭಾಗದ ಅಗಲ 29 ಅಡಿ 6 ಇಂಚು ಬಂತು. ಅಳೆದದ್ದು ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಸುರುಳಿ ಸುತ್ತಿ ಮಲಗಿದ್ದ ಬಟ್ಟೆಯ ಟೇಪಿನಿಂದ. ಐದು ಅಡಿಯ ಆ ಟೇಪನ್ನು ಆರು ಸಲ ಹಾಕಬೇಕಿತ್ತು. ಆರನೆಯ ಸಲ ಅದು ಮುಗಿಯಲು ಇನ್ನೂ ಆರು ಇಂಚು ಇರುವಾಗಲೇ ಉತ್ತರದ ಎಲ್ಲೆಕಲ್ಲು ಎದುರಾಯಿತು. ಪಕ್ಕದ ಮನೆಯವರು, ನಿವೃತ್ತ ಗಣಿತದ ಮೇಷ್ಟರು, ಇನ್ನೂ ಕಾಂಪೌಂಡ್ ಕಟ್ಟಿಸಿರಲಿಲ್ಲ. ಕಲ್ಲು ತಾನಾಗಿ ನಡೆದು ಬರುವುದಿಲ್ಲವಲ್ಲ ಎಂಬ ಅರ್ಥ ಬರುವಂತೆ, ಆದರೆ ಅತ್ಯಂತ ವಿನಯದಿಂದ, ನಾನು ಅವರ ಬಾಗಿಲು ತಟ್ಟಿದೆ.

ಮೇಷ್ಟರು ಒಂದು ಮಾತನ್ನೂ ಆಡದೆ ಒಳಗಿನಿಂದ ಸ್ಟೀಲ್ ಟೇಪು ತಂದು ನಿವೇಶನವನ್ನು ಅಳೆದರು. ಸರಿಯಾಗಿ 30 ಅಡಿ. ಅನಂತರ ನನ್ನ ಟೇಪನ್ನು ನೆಲದ ಮೇಲೆ ಹಾಸಿ ಅದನ್ನೂ ಅಳೆದರು. 61 ಇಂಚು. ಅದು ನಮ್ಮ ಅತ್ತೆಯವರ ಕಾಲದ ಟೇಪು. ಊರಿನ ಸೊಂಟಗಳನ್ನೆಲ್ಲ ಅಳೆದು ಅಳೆದು ತಾನೇ ಒಂದು ಇಂಚು ಹಿಗ್ಗಿತ್ತು. ಅತ್ತೆಯವರಲ್ಲಿ ರವಿಕೆ ಹೊಲಿಸಲು ಬಂದವರೆಲ್ಲ ಏಕೆ ಅಷ್ಟು ಸಂತೋಷದಿಂದ ಮರಳುತ್ತಿದ್ದರು ಎಂಬುದು ನನಗೆ ಆ ಕ್ಷಣ ಹೊಳೆಯಿತು: ಆ ಟೇಪಿನಲ್ಲಿ 36 ಇಂಚಿನ ಸೊಂಟವೂ ಮೂವತ್ತೈದೂವರೆಯನ್ನು ಮುಟ್ಟುತ್ತಿರಲಿಲ್ಲ.

ಮನೆಯ ನಕ್ಷೆಯ ಕೆಲಸ ಆರಂಭವಾದದ್ದು ಹೀಗೆ, ಕ್ಷಮಾಪಣೆಯೊಂದಿಗೆ. ಎಂಜಿನಿಯರ್ ತರುಣ, ತಾಳ್ಮೆಯವನು. ಅವನು ಮೊದಲು ಕಳುಹಿಸಿದ ಕಡತದ ಹೆಸರು ‘ಫೈನಲ್’. ಅನಂತರ ‘ಫೈನಲ್ ಎರಡು’, ‘ನಿಜವಾದ ಫೈನಲ್’, ‘ಅಮ್ಮ ಒಪ್ಪಿದ ಫೈನಲ್’ ಬಂದವು. ಹನ್ನೊಂದನೆಯದನ್ನು ಬರಿಯ ದಿನಾಂಕ ಹಾಕಿ ಕಳುಹಿಸಿದ. ಪಾಪ, ಅಷ್ಟು ಹೊತ್ತಿಗೆ ಅವನಿಗೂ ವೈರಾಗ್ಯ ಬಂದಿತ್ತು.

ತೊಡಕೆಲ್ಲ ಈಶಾನ್ಯದಲ್ಲಿತ್ತು. ಪೂರ್ವಕ್ಕೆ ಬಾಗಿಲಿರುವ ಮನೆಯಲ್ಲಿ ದೇವರ ಕೋಣೆ ಈಶಾನ್ಯಕ್ಕೆ ಬೇಕು, ನೀರಿನ ಸಂಪು ಈಶಾನ್ಯಕ್ಕೆ ಬೇಕು, ಕೊಳವೆ ಬಾವಿಯೂ ಅಲ್ಲೇ ಬೇಕು, ಮುಂಬಾಗಿಲೂ ಅದರ ಆಸುಪಾಸಿನಲ್ಲೇ ಇರಬೇಕು, ಇಷ್ಟೆಲ್ಲ ಆದ ಮೇಲೆ ಈಶಾನ್ಯವನ್ನು ಆದಷ್ಟು ಖಾಲಿ ಬಿಡಬೇಕು. ಸುತ್ತ ಮೂರು ಮೂರು ಅಡಿ ಬಿಟ್ಟು ಉಳಿದದ್ದು 24 ಅಡಿ ಅಗಲ. ಅದರಲ್ಲಿ ಎರಡು ಹೊರಗೋಡೆಗಳು ಒಂಬತ್ತೊಂಬತ್ತು ಇಂಚು, ನಡುವಿನ ಗೋಡೆ ನಾಲ್ಕೂವರೆ ಇಂಚು, ಒಳಮೈಗಳ ಗಿಲಾವು ಒಟ್ಟು ಎರಡು ಇಂಚು ತಿಂದುಹಾಕುತ್ತವೆ. ಎರಡು ಅಡಿ ಅರ್ಧ ಇಂಚು ಜಾಗ ಗೋಡೆಗಳ ಪಾಲಾಯಿತು ಎಂದು ಕೇಳಿ ಅಪ್ಪ, ಮನೆಯಲ್ಲಿ ಬಾಡಿಗೆ ಕೊಡದೆ ವಾಸಿಸುವ ಬಂಧುಗಳ ಬಗ್ಗೆ ಮಾತನಾಡುವ ದನಿಯಲ್ಲಿ, ‘ಗೋಡೆ ಇಷ್ಟೊಂದು ಬೇಕಾ?’ ಎಂದರು.

ನಕ್ಷೆ ಎಂದರೆ ಕಾಗೆಯ ಕಣ್ಣಿಗೆ ಕಂಡ ಮನೆ ಎಂಬುದು ನನಗೆ ತಿಳಿದದ್ದು ಮೆಟ್ಟಿಲಿನ ಕೆಳಗಿನ ಶೌಚಾಲಯದಿಂದ. ಕಾಗದದ ಮೇಲೆ ಅದು ಬಹಳ ಜಾಣತನದ ಏರ್ಪಾಡಾಗಿ ಕಂಡಿತ್ತು. ಆರಾರು ಇಂಚಿನ ಹತ್ತು ಮೆಟ್ಟಿಲು ಏರಿದರೆ ನಡುವಿನ ಅಟ್ಟಣೆ, ಅದರ ಅಡಿಯಲ್ಲಿ ಶೌಚಾಲಯ. ಹತ್ತು ಮೆಟ್ಟಿಲೆಂದರೆ ಐದು ಅಡಿ ಎತ್ತರ, ಅದರಲ್ಲಿ ಐದು ಇಂಚು ಕಾಂಕ್ರೀಟು, ಉಳಿದದ್ದು ನಾಲ್ಕು ಅಡಿ ಏಳು ಇಂಚು. ನನ್ನ ಎತ್ತರ ಐದು ಅಡಿ ಎಂಟು ಇಂಚು. ಮೇಲಿನಿಂದ ನೋಡುವ ಕಾಗೆಗೆ ಈ ವ್ಯತ್ಯಾಸ ಕಾಣುವುದಿಲ್ಲ, ಅದಕ್ಕೆ ತಲೆ ಬಾಗಿಸಿ ಶೌಚಾಲಯಕ್ಕೆ ಹೋಗುವ ಪ್ರಮೇಯವೂ ಇಲ್ಲ. ಇನ್ನು ಗುಬ್ಬಿಯಿಂದ ಬಂದ ಸೋದರತ್ತೆ ಒಟ್ಟು ಮೆಟ್ಟಿಲುಗಳನ್ನು ‘ಲಾಭ, ನಷ್ಟ, ಲಾಭ, ನಷ್ಟ’ ಎಂದು ಬೆರಳು ಮಡಚಿ ಎಣಿಸಿದರು. ಇಪ್ಪತ್ತನೆಯದು ನಷ್ಟದಲ್ಲಿ ನಿಂತಿತು. ಅದನ್ನು ಲಾಭಕ್ಕೆ ಏರಿಸಲು ಇನ್ನೊಂದು ಮೆಟ್ಟಿಲು, ಆ ಮೆಟ್ಟಿಲಿಗಾಗಿ ಇಡೀ ತಾರಸಿ ಅರ್ಧ ಅಡಿ ಮೇಲಕ್ಕೆ. ಆ ಲಾಭದ ಖರ್ಚನ್ನು ಎಂಜಿನಿಯರ್ ಬೇರೆ ಹಾಳೆಯಲ್ಲಿ ಬರೆದುಕೊಟ್ಟ.

ಅಪ್ಪನ ಬೇಡಿಕೆ ಒಂದೇ: ಕೊಬ್ಬರಿ ಅಟ್ಟ. ತಿಪಟೂರಿನ ಕಡೆ ನಮಗೆ ನಾಲ್ಕಾರು ಸಾಲು ತೆಂಗಿದೆ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ತನ್ನಷ್ಟಕ್ಕೆ ನೀರು ಇಂಗಿಸಿಕೊಳ್ಳಬೇಕು. ಅದಕ್ಕೆ ಗಾಳಿ ಬೇಕು, ಮಳೆ ತಾಗಬಾರದು, ಇಲಿ ಬರಬಾರದು. ಈ ಮೂರೂ ಗುಣಗಳು ಎಂಜಿನಿಯರ್ ಬರೆದ ನಕ್ಷೆಯಲ್ಲಿ ಒಂದೇ ಕಡೆ ಕೂಡಿದ್ದು ನನ್ನ ಓದುವ ಕೋಣೆಯಲ್ಲಿ. ಈಗ ಅದು ಕೊಬ್ಬರಿಯ ಕೋಣೆ. ಓದುವುದಿದ್ದರೆ ಓದಬಹುದು, ಆದರೆ ಮೇಲೆ ನೋಡುತ್ತಾ ಓದಬೇಕು.

ನಿಜವಾದ ಯುದ್ಧ ನಡೆದದ್ದು ಅಡುಗೆಮನೆಯಲ್ಲಿ. ಒಲೆ, ಸಿಂಕು, ಫ್ರಿಜ್ ಈ ಮೂರೂ ಒಂದು ತ್ರಿಕೋನದಲ್ಲಿರಬೇಕೆಂದು ಎಂಜಿನಿಯರ್ ಚೆನ್ನಾಗಿಯೇ ವಿವರಿಸಿದ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮರುದಿನ ಪಾತ್ರೆ ಅಲುಗದಂತೆ ಹಿಡಿಯುವ ಕವೆಗೋಲು, ಮುದ್ದೆ ತೊಳಸುವ ಹಿಟ್ಟಿನ ದೊಣ್ಣೆ ಮತ್ತು ಹಬ್ಬದ ದೊಡ್ಡ ಪಾತ್ರೆಯನ್ನು ಆಟೋದಲ್ಲಿ ಹೇರಿಕೊಂಡು ಅವನ ಕಚೇರಿಗೆ ಹೋದರು. ಕಟ್ಟೆಯ ಎತ್ತರ 33 ಇಂಚು, ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಪಾತ್ರೆಯ ಕಂಠ ನಾಲ್ಕು ಅಡಿಗೆ ಬಂತು. ಅಮ್ಮ ಇರುವುದೇ ನಾಲ್ಕು ಅಡಿ ಹತ್ತು ಇಂಚು. ಪಾತ್ರೆಯನ್ನು ಅವನ ಮೇಜಿನ ಮೇಲೆ, ಎರಡು ಕಂಪ್ಯೂಟರುಗಳ ನಡುವೆ ಇಟ್ಟು, ಕವೆಗೋಲನ್ನು ಸಿಕ್ಕಿಸಿ, ದೊಣ್ಣೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಹಿಡಿದು, ‘ಇಲ್ಲಿ ನಿಂತ್ಕಂಡು ಹತ್ತು ಜನಕ್ಕೆ ಹೆಂಗಪ್ಪ ಹಿಟ್ಟು ತೊಳಸದು?’ ಎಂದು ಕೇಳಿದರು. ಅವನ ಬಳಿ ಉತ್ತರವಿರಲಿಲ್ಲ. ರಾಗಿ ಹಿಟ್ಟು ತೊಳಸುವಾಗ ಬಲ ಬೀಳುವುದು ತೋಳಿನಿಂದಲ್ಲ, ಸೊಂಟದಿಂದ. ಮೇಲಿನಿಂದ ಬಾಗಿ ಒತ್ತಬೇಕು, ಇಲ್ಲವಾದರೆ ಗಂಟು ನಿಲ್ಲುತ್ತದೆ. ಅಮ್ಮನ ತ್ರಿಕೋನವೆಂದರೆ ಒಲೆ, ಕವೆಗೋಲು ಮತ್ತು ಸೊಂಟ. ಹನ್ನೆರಡನೆಯ ನಕ್ಷೆಯಲ್ಲಿ ಆಗ್ನೇಯದ ಗೋಡೆಗೆ ತಾಗಿ ಒಂದೂವರೆ ಅಡಿ ಎತ್ತರದ ಇನ್ನೊಂದು ಕಟ್ಟೆ ಕಾಣಿಸಿಕೊಂಡಿತು. ಎಂಜಿನಿಯರ್ ಅದಕ್ಕೆ ‘ಮುದ್ದೆ ಕಟ್ಟೆ’ ಎಂದು ಕನ್ನಡದಲ್ಲೇ ಬರೆದಿದ್ದ, ಮತ್ತು ಆ ದಿನದಿಂದ ಅಮ್ಮ ಅವನನ್ನು ‘ನಮ್ ಹುಡುಗ’ ಎನ್ನತೊಡಗಿದರು.

ಕಾಗದವನ್ನು ಇನ್ನು ನಂಬಲಾರೆ ಎನಿಸಿ, ಒಂದು ಭಾನುವಾರ ಇಡೀ ನಕ್ಷೆಯನ್ನು ನಿವೇಶನದ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದೆವು. ಟೇಪನ್ನು ಮೇಷ್ಟರಿಂದಲೇ ಕೇಳಿ ತಂದೆ. ಗೆರೆ ಮುಗಿಯುವಷ್ಟರಲ್ಲಿ ಕ್ಯಾತಸಂದ್ರದಿಂದ ತಟ್ಟೆ ಇಡ್ಲಿ ಬಂದಿತ್ತು. ಊಟದ ಮನೆಯೆಂದು ಬರೆದಿದ್ದ ಚೌಕದಲ್ಲೇ ಎಂಟು ಜನ ಕೂತೆವು, ಮೊಣಕೈ ಮಾತ್ರ ಪಕ್ಕದ ಕೋಣೆಯಲ್ಲಿತ್ತು. ಚಟ್ನಿ ತರಲು ಅಡ್ಡದಾರಿಯಲ್ಲಿ ನಡೆದ ಮಗನಿಗೆ ಅಪ್ಪ ‘ಗೋಡೆ ತುಳೀಬೇಡವೋ’ ಎಂದು ಗದರಿದರು. ಸೋದರತ್ತೆ ನೈಋತ್ಯದ ಮಲಗುವ ಕೋಣೆಯಲ್ಲಿ ಸೀರೆಯ ಸೆರಗು ಹಾಸಿ ಅಡ್ಡಾಗಿ, ಬೀರು ಇಟ್ಟರೆ ಅದರ ಬಾಗಿಲು ಮಂಚಕ್ಕೆ ತಾಗುತ್ತದೆ ಎಂದು ಮಲಗಿದಲ್ಲಿಂದಲೇ ತೀರ್ಪು ಕೊಟ್ಟರು. ಸರಿಯಾಗಿಯೇ ಇತ್ತು, ನಾನು ಬೀರುವಾಗಿ ನಿಂತು ಕೈಗಳನ್ನು ಬಾಗಿಲಿನಂತೆ ತೆರೆದು ನೋಡಿದೆ, ತಾಗಿತು.

ಆಗ ಮೇಷ್ಟರು ತಮ್ಮ ಟೇಪು ಕೇಳಿಕೊಂಡು ಬಂದರು. ಬಂದವರು ನೆಲವನ್ನೇ ನೋಡುತ್ತಾ ನಿಂತರು. ಯಾರೂ ಹೇಳದಿದ್ದರೂ ನಾವೆಲ್ಲರೂ ಮುಂಬಾಗಿಲಿನ ಸುಣ್ಣದ ಗೆರೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದೆವು. ಎಂಟು ಜೊತೆ. ಹನ್ನೆರಡು ನಕ್ಷೆಗಳಲ್ಲಿ ಚಪ್ಪಲಿಗೆ ಜಾಗವೇ ಇರಲಿಲ್ಲ, ಮಕ್ಕಳು ಒದ್ದು ಬಿಟ್ಟವು ಎಲ್ಲೆಕಲ್ಲಿನ ಆಚೆಗೂ ಹರಡಿದ್ದವು. ಮೇಷ್ಟರು ಟೇಪು ಎಳೆದು, ಬಾಗಿ, ಕನ್ನಡಕ ಸರಿಪಡಿಸಿಕೊಂಡು ಅಳೆದರು.

‘ನಮ್ಮ ಕಡೆಗೆ ಸರಿಯಾಗಿ ಅರ್ಧ ಅಡಿ ಬಂದಿದೆ ನೋಡಿ’ ಎಂದರು.