ಬೇಕಂತಲೇ ಸೇರಿಸಿದ ತಪ್ಪು

ಮ್ಯಾಪ್‌ನಲ್ಲಿ ನೀಲಿ ಚುಕ್ಕೆ ಪಕ್ಕದ ರಸ್ತೆಗೆ ಹಾರಿದರೆ ಸಾಕು, ನಮಗೆ ಸಿಟ್ಟು ಬರುತ್ತದೆ. 1990ರ ದಶಕದಲ್ಲಿ ಜಿಪಿಎಸ್ ನೂರು ಮೀಟರ್ ಆಚೀಚೆ ತೋರಿಸಿದರೂ ಜನ ಸುಮ್ಮನಿರಬೇಕಿತ್ತು. ಆಗಿನ್ನೂ ತಂತ್ರಜ್ಞಾನ ಬಲಿತಿರಲಿಲ್ಲ ಅಂತ ನಾನು ಬಹಳ ದಿನ ನಂಬಿದ್ದೆ. ಆಮೇಲೆ ಗೊತ್ತಾಯಿತು, ಆ ತಪ್ಪನ್ನು ಅಮೆರಿಕದ ಸೇನೆಯೇ ಬೇಕಂತ ಸೇರಿಸುತ್ತಿತ್ತು!

ಅದಕ್ಕೊಂದು ಗಂಭೀರ ಹೆಸರೂ ಇತ್ತು: ಸೆಲೆಕ್ಟಿವ್ ಅವೈಲಬಿಲಿಟಿ. ಜಿಪಿಎಸ್ ಅಂದರೆ ಕೊನೆಗೂ ಗಡಿಯಾರದ ಲೆಕ್ಕ. ಸಿಗ್ನಲ್ ಉಪಗ್ರಹದಿಂದ ಯಾವಾಗ ಹೊರಟಿತು, ನಮ್ಮ ಹತ್ತಿರ ಯಾವಾಗ ಬಂತು, ಇಷ್ಟು ಗೊತ್ತಾದರೆ ದೂರ ಸಿಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಹಾಗಾಗಿ ಉಪಗ್ರಹದ ಸಮಯವನ್ನು ಚೂರು ಅಲ್ಲಾಡಿಸಿದರೆ ಮುಗಿಯಿತು. ಸೇನೆಯ ರಿಸೀವರ್‌ಗಳಿಗೆ ಗುಪ್ತ ಕೀಲಿ ಇತ್ತು, ಅವು ಈ ಅಲ್ಲಾಟವನ್ನು ಕಳೆದು ಲೆಕ್ಕ ಹಾಕುತ್ತಿದ್ದವು. ಬೇರೆಯವರ ರಿಸೀವರ್ ಮೇಜಿನ ಮೇಲೆ ಕೂತಲ್ಲೇ ಕೂತಿದ್ದರೂ ತೆರೆಯ ಮೇಲೆ ಊರೆಲ್ಲ ಸುತ್ತುತ್ತಿತ್ತು.

ಶತ್ರುವಿನ ಕೈಗೆ ನಿಖರ ಮಾಹಿತಿ ಸಿಗಬಾರದು ಅನ್ನೋದು ಕಾರಣ. ಕೇಳೋಕೆ ಸರಿಯಾಗೇ ಇದೆ. ಆದರೆ ನಡೆದದ್ದು ನೋಡಿ. 1990ರ ಮಾರ್ಚ್‌ನಲ್ಲಿ ಇದು ಶುರುವಾಯಿತು. ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ಮರುಭೂಮಿಗೆ ಹೋದ ಅಮೆರಿಕದ ಸೈನಿಕರಿಗೆ ಸೇನೆಯ ರಿಸೀವರ್‌ಗಳೇ ಸಾಲಲಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ರಿಸೀವರ್‌ಗಳನ್ನೇ ಹಿಡಿದು ಓಡಾಡಿದರು. ಕೊನೆಗೆ ಸೇನೆ ತಾನು ಸೇರಿಸಿದ ತಪ್ಪನ್ನು ತಾನೇ ನಿಲ್ಲಿಸಿತು. ಯುದ್ಧಕ್ಕೆಂದು ಮಾಡಿದ ಬೀಗವನ್ನು ಯುದ್ಧ ಬಂದಾಗಲೇ ತೆಗೆದರು! ಯುದ್ಧ ಮುಗಿದ ಮೇಲೆ ಮತ್ತೆ ಹಾಕಿದರು.

ಇನ್ನೂ ಮಜಾ ಇರೋದು ಮುಂದೆ. ನಿಖರವಾಗಿ ಗೊತ್ತಿರುವ ಒಂದು ಜಾಗದಲ್ಲಿ ರಿಸೀವರ್ ಇಟ್ಟರೆ, ಅದು ಎಷ್ಟು ತಪ್ಪು ತೋರಿಸುತ್ತಿದೆ ಅಂತ ತಕ್ಷಣ ತಿಳಿಯುತ್ತದೆ. ಆ ತಪ್ಪಿನ ಲೆಕ್ಕವನ್ನು ರೇಡಿಯೋದಲ್ಲಿ ಬಿತ್ತರಿಸಿದರೆ ಸುತ್ತಮುತ್ತಲಿನವರೆಲ್ಲ ಸರಿಪಡಿಸಿಕೊಳ್ಳಬಹುದು. ಇದೇ ಡಿಫರೆನ್ಷಿಯಲ್ ಜಿಪಿಎಸ್. ಹಡಗುಗಳಿಗಾಗಿ ಈ ಸೇವೆ ಕೊಟ್ಟಿದ್ದು ಯಾರು ಗೊತ್ತೇ? ಅಮೆರಿಕದ್ದೇ ಕೋಸ್ಟ್ ಗಾರ್ಡ್. ಒಂದೇ ಸರ್ಕಾರ, ಒಂದು ಕೈಯಲ್ಲಿ ನೀರು ಕದಡುವುದು, ಇನ್ನೊಂದು ಕೈಯಲ್ಲಿ ಸೋಸುವುದು. ಎರಡಕ್ಕೂ ಖರ್ಚು.

ನನಗೆ ತಕರಾರಿರುವುದು ಇಲ್ಲೇ. ಕೋಸ್ಟ್ ಗಾರ್ಡ್ ಮಾಡಿದ್ದನ್ನು ದುಡ್ಡಿರುವ ಯಾವ ದೇಶವೂ ಮಾಡಬಹುದಿತ್ತು. ಆಗದೇ ಇದ್ದದ್ದು ಕಾಡಲ್ಲಿ ದಾರಿ ತಪ್ಪಿದವನಿಗೆ, ಸಣ್ಣ ದೋಣಿಯವನಿಗೆ. 1983ರಲ್ಲಿ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯನ್ ಏರ್‌ಲೈನ್ಸ್ ವಿಮಾನವನ್ನು ಹೊಡೆದುರುಳಿಸಿದಾಗ 269 ಜನ ಸತ್ತರು. ಜಿಪಿಎಸ್ ಜನರಿಗೂ ಸಿಗುತ್ತದೆ ಅಂತ ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ ಆಗ ಮಾತು ಕೊಟ್ಟಿತ್ತು. ಮಾತು ಉಳಿಸಿಕೊಂಡರು ಅನ್ನಿ, ಮಂಜು ಕವಿದ ಕನ್ನಡಕ ಕೊಟ್ಟು.

2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಬೇಕಂತಲೇ ಸೇರಿಸುವ ತಪ್ಪನ್ನು ನಿಲ್ಲಿಸಲು ಆದೇಶಿಸಿದರು. ಒಂದೇ ಜಾಗದ ಹಿಂದಿನ ಮತ್ತು ಮುಂದಿನ ಅಳತೆಗಳ ಚಿತ್ರ ಸಿಗುತ್ತದೆ, ಹುಡುಕಿ ನೋಡಿ. ಮೊದಲು 100ರಲ್ಲಿ 95 ಅಳತೆಗಳು 45 ಮೀಟರ್ ತ್ರಿಜ್ಯದೊಳಗೆ ಚೆಲ್ಲಿಕೊಂಡಿದ್ದವು. ಆಮೇಲೆ ಅದು 6.3 ಮೀಟರ್‌ಗೆ ಇಳಿಯಿತು. ಎರಡು ದಿನದ ಅಂತರ, ಯಾರೂ ಹೊಸ ರಿಸೀವರ್ ಕೊಂಡಿರಲಿಲ್ಲ. ಹೊಸ ಪೀಳಿಗೆಯ ಉಪಗ್ರಹಗಳಲ್ಲಿ ಈ ಸೌಲಭ್ಯವನ್ನೇ ಇಡುವುದಿಲ್ಲ ಅಂತ ಅಮೆರಿಕ 2007ರಲ್ಲಿ ಹೇಳಿತು.

ಹಾಗಂತ ಎಲ್ಲ ಬೀಗವೂ ತೆಗೆದಿಲ್ಲ. ಕ್ಷಿಪಣಿಗೆ ಬಳಸಬಾರದು ಅಂತ ರಿಸೀವರ್‌ಗಳಿಗೆ 18 ಕಿಲೋಮೀಟರ್ ಎತ್ತರ, ಗಂಟೆಗೆ ಸುಮಾರು 1,900 ಕಿಲೋಮೀಟರ್ ವೇಗದ ಮಿತಿ ಹಾಕಿದ್ದರು. ಕೆಲವು ತಯಾರಕರು ಎರಡರಲ್ಲಿ ಒಂದು ದಾಟಿದರೂ ರಿಸೀವರ್ ಬಾಯಿ ಮುಚ್ಚುವಂತೆ ಮಾಡಿಟ್ಟರು. ಹವ್ಯಾಸಕ್ಕೆ ಎತ್ತರದ ಬಲೂನು ಹಾರಿಸುವವರಿಗೆ ಇದು ದೊಡ್ಡ ತಲೆನೋವು. ಗಾಳಿ ತಳ್ಳಿದ ಕಡೆ ಹೋಗುವ ಬಲೂನು, ಅದ್ಯಾವ ಕ್ಷಿಪಣಿ ಹೇಳಿ! ಈ ಮಿತಿಗೆ ಹೆಸರು ಕೊಟ್ಟ ಕೋಕಾಮ್ ಅನ್ನುವ ರಫ್ತು ನಿಯಂತ್ರಣ ಸಮಿತಿ 1994ರಲ್ಲೇ ಮುಚ್ಚಿಹೋಯಿತು. ಬಲೂನಿನವರು ಮಾತ್ರ ಇವತ್ತಿಗೂ ರಿಸೀವರ್ ಕೊಳ್ಳುವ ಮುಂಚೆ ಕೋಕಾಮ್ ಮಿತಿ ಹೇಗಿದೆ ಅಂತ ನೋಡಿಕೊಳ್ಳುತ್ತಾರೆ.