95 ಶಾಸಕರ ಸರ್ಕಾರ
ಅಲ್ಪಮತದ ಸರ್ಕಾರ ಕುರ್ಚಿ ಉಳಿಸಿಕೊಳ್ಳುವುದರಲ್ಲೇ ಕಾಲ ಕಳೆಯುತ್ತದೆ, ಅದರಿಂದ ಆಡಳಿತ ಆಗುವುದಿಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಅದನ್ನು ಬರೆದವರು 1983ರ ಕರ್ನಾಟಕವನ್ನು ಹೇಗೆ ಮರೆತರೋ!

224 ಸ್ಥಾನಗಳಲ್ಲಿ ಜನತಾ ಪಕ್ಷ ಗೆದ್ದದ್ದು 95. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಶಾಸಕರೂ ಆಗಿರಲಿಲ್ಲ, ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಬಂದರು. 18 ಶಾಸಕರ ಬಿಜೆಪಿ ಒಂದು ಕಡೆ, ಎಡಪಕ್ಷಗಳು ಇನ್ನೊಂದು ಕಡೆ, ಎರಡೂ ಹೊರಗಿನಿಂದಲೇ ಬೆಂಬಲ. ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೆ ಕಾಂಗ್ರೆಸ್ ಮತ್ತೆ ಬರುವುದು ಇಬ್ಬರಿಗೂ ಬೇಡವಾಗಿತ್ತು, ಸರ್ಕಾರ ನಿಂತದ್ದೇ ಆ 'ಬೇಡ'ದ ಮೇಲೆ. ಬೆಂಬಲ ಹೊರಗಿನಿಂದಲೇ ಆದ್ದರಿಂದ ಮಂತ್ರಿಗಿರಿ ಹಂಚುವ ತಲೆನೋವೂ ಅಷ್ಟು ಕಮ್ಮಿ.

ಇಂಥ ಸರ್ಕಾರವೇ ಜಿಲ್ಲೆ ಮತ್ತು ಹಳ್ಳಿಗಳ ಚುನಾಯಿತ ಸ್ಥಳೀಯ ಆಡಳಿತಕ್ಕೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ತಂದಿತು. ಮಹಿಳೆಯರಿಗೆ ಶೇ. 25 ಮೀಸಲು ಇಟ್ಟ ಕಾಯ್ದೆ ಅದು. ಅದರ ಬೆನ್ನಿಗಿದ್ದವರು ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಲೋಕಾಯುಕ್ತ ಕಾಯ್ದೆಯೂ ಆ ಅವಧಿಯದ್ದೇ.

ಸರ್ಕಾರ ಹೋದದ್ದೂ ಬೆಂಬಲ ವಾಪಸಾಗಿ ಅಲ್ಲ. 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ 4 ಸ್ಥಾನವಷ್ಟೇ ಸಿಕ್ಕಾಗ ಹೆಗಡೆ ತಾವಾಗಿಯೇ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರಲ್ಲಿ 139 ಗೆದ್ದರು.

ಹಾಗಂತ ಎಲ್ಲವೂ ಹೀಗೇ ಅಂತಲ್ಲ. 1993ರ ಜುಲೈನಲ್ಲಿ ಕೇಂದ್ರದ ಅಲ್ಪಮತದ ನರಸಿಂಹ ರಾವ್ ಸರ್ಕಾರ ಅವಿಶ್ವಾಸ ಗೊತ್ತುವಳಿಯಲ್ಲಿ 265–251 ಮತಗಳಿಂದ ಪಾರಾಯಿತು; ಅದರ ಪರ ಮತ ಹಾಕಲು ಜೆಎಂಎಂ (ಜಾರ್ಖಂಡ್ ಮುಕ್ತಿ ಮೋರ್ಚಾ) ಸಂಸದರು ಲಂಚ ಪಡೆದರೆಂಬ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆದರೆ 1991ರ ಆರ್ಥಿಕ ಸುಧಾರಣೆಯ ಬಜೆಟ್ಟನ್ನು ಪಾಸು ಮಾಡಿಸಿಕೊಂಡಾಗಲೂ ಅವರಿಗೆ ಬಹುಮತ ಇರಲಿಲ್ಲ.